ಅತ್ತೆಯ ಗಾಡಿಗೆ ಬೀಗ ಹಾಕಿದವರು

ಫೋನು ಬಂದಾಗ ಮಾವ ಬಾಲ್ಕನಿಯಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿದ್ದರು. ಆ ಕಡೆಯವರ ಮಾತು ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. "ಹೌದಾ! ಬೀಗ ಹಾಕಿಬಿಟ್ರಾ? ಒಳ್ಳೇ ಕೆಲಸ ಮಾಡಿದ್ರಿ ಬಿಡಿ ಸ್ವಾಮಿ" ಎಂದರು. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ನಾನು ಒಂದೇ ಕಾಲಿನಲ್ಲಿ ಹಾಗೇ ನಿಂತೆ.

ಫೋನಿಟ್ಟು ಮಾವ ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮತ್ತೆ ಸಿಕ್ಕಿಬಿದ್ಲು. ಇನ್ನೆಲ್ಲಿಗೆ ಹೋಗ್ತಾಳೆ, ನೋಡೇಬಿಡೋಣ."

ಸಿಕ್ಕಿಬೀಳುವುದಕ್ಕೆ ಅತ್ತೆ ಏನನ್ನೂ ಕದ್ದು ಓಡಿರಲಿಲ್ಲ. ಹಾಡಹಗಲೇ, ಎಲ್ಲರಿಗೂ ಹೇಳಿಯೇ ಹೋಗಿದ್ದರು.

ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಜೀವಮಾನವಿಡೀ ಬಾವುಟ ತೋರಿಸಿ ರೈಲುಗಳನ್ನು ಕಳಿಸಿಕೊಟ್ಟು, ತಾವು ಮಾತ್ರ ಕ್ವಾರ್ಟರ್ಸಿನಿಂದ ಪ್ಲಾಟ್‌ಫಾರ್ಮಿಗೆ, ಪ್ಲಾಟ್‌ಫಾರ್ಮಿನಿಂದ ಕ್ವಾರ್ಟರ್ಸಿಗೆ ಓಡಾಡಿಕೊಂಡಿದ್ದರು. ಅತ್ತೆ ಅದೇ ರೈಲ್ವೆಯ ಲಾಂಡ್ರಿಯಲ್ಲಿದ್ದರು. ದೂರದ ರೈಲುಗಳಲ್ಲಿ ಜನ ಹಾಸಿ ಹೊದ್ದು ಮುದ್ದೆ ಮಾಡಿ ಬಿಟ್ಟ ದುಪ್ಪಟಿಗಳನ್ನು ಒಗೆಯುವುದು, ಆವಿಯ ರೋಲರಿನಡಿ ತಳ್ಳುವುದು, ಕಾವು ಆರುವ ಮೊದಲೇ ಮಡಚುವುದು. ಕೆಲವು ದುಪ್ಪಟಿಗಳನ್ನು ಕೊಡವಿದರೆ ಮರಳು ಉದುರುತ್ತಿತ್ತಂತೆ. "ಸಮುದ್ರದ್ದು ಅಂತ ವಾಸನೇಲೇ ಗೊತ್ತಾಗ್ತಿತ್ತು ಕಣೇ. ನಾನು ಅದನ್ನ ಗುಡಿಸಿ ಕಸದ ಬುಟ್ಟಿಗೆ ಹಾಕ್ತಿದ್ದೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಆಗ ಅವರ ದನಿಯಲ್ಲಿದ್ದದ್ದು ಬೇಸರ ಎಂದುಕೊಂಡಿದ್ದೆ. ಅದು ಸಿಟ್ಟು ಎಂದು ಆಮೇಲೆ ತಿಳಿಯಿತು.

ಅವರು ನಿವೃತ್ತರಾಗುವ ಹೊತ್ತಿಗೆ ಲಾಂಡ್ರಿಯನ್ನು ಗುತ್ತಿಗೆಗೆ ಕೊಟ್ಟು ಅದರ ಹಳೇ ವ್ಯಾನನ್ನು ಗುಜರಿಗೆ ಹರಾಜು ಹಾಕಿದರು. ಅತ್ತೆ ಹೋಗಿ ಅದನ್ನು ಕೂಗಿ, ಕೊಂಡು, ಮನೆಯ ಮುಂದೆ ತಂದು ನಿಲ್ಲಿಸಿದರು. ಮಾವ ಅದಕ್ಕೆ ಡಬ್ಬ ಎಂದು ಹೆಸರಿಟ್ಟರು.

ಡಬ್ಬಕ್ಕೆ ಕಿಟಕಿ ಕೊರೆಯಲು, ಹಲಗೆ ಬಡಿಯಲು ಅತ್ತೆಯ ಜೊತೆ ನಿಂತವರು ಸಣ್ಣತ್ತೆ, ಅಂದರೆ ಮಾವನ ತಂಗಿ. ಮದುವೆಯಾಗದೆ, ಸ್ವಂತದ್ದೊಂದು ಕ್ಷೌರದಂಗಡಿ ಇಟ್ಟು ಗಂಡಸರು ಹೆಂಗಸರೆನ್ನದೆ ಎಲ್ಲರ ತಲೆಗೂ ಕತ್ತರಿ ಆಡಿಸುತ್ತಿದ್ದರು. ರಸ್ತೆ ಅಗಲ ಮಾಡುವಾಗ ಅಂಗಡಿ ನೆಲಸಮವಾಯಿತು. ಈ ಅತ್ತಿಗೆ ನಾದಿನಿ ಒಬ್ಬರ ಮುಖ ಒಬ್ಬರು ಕಂಡರೆ ಉರಿದು ಬೀಳುತ್ತಿದ್ದವರು. ಒಂದೇ ಅಡುಗೆಮನೆಯಲ್ಲಿ ನಿಂತು ವಾರಗಟ್ಟಲೆ ಮಾತಾಡದೆ, ಉಪ್ಪಿನ ಡಬ್ಬಿಯನ್ನು ನನ್ನ ಕೈಯಲ್ಲಿ ದಾಟಿಸಿಕೊಂಡವರು. ಅಂಥವರು ಸ್ಕ್ರೂಡ್ರೈವರಿಗಾಗಿ ಜಗಳವಾಡುತ್ತ ಜಗಳವಾಡುತ್ತಲೇ ಒಂದಾಗಿಬಿಟ್ಟರು.

"ಎಷ್ಟು ದಿನದ ಟೂರು?" ಎಂದು ಮಾವ ಕೇಳಿದಾಗ ಅತ್ತೆ, "ಟೂರಲ್ಲ. ಇನ್ಮೇಲೆ ನಾನು ಅದರಲ್ಲೇ ಇರ್ತೀನಿ. ದೇಶ ಪೂರ್ತಿ ನೋಡ್ಬೇಕು. ನೀವೂ ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಅಡುಗೆ ಕಲೀರಿ" ಎಂದಿದ್ದರು. ಮಾವ ಹೋಗಲೂ ಇಲ್ಲ, ಕಲಿಯಲೂ ಇಲ್ಲ. ಸಣ್ಣತ್ತೆ ಕತ್ತರಿಗಳನ್ನು ಕಟ್ಟಿಕೊಂಡು ಅತ್ತೆಯ ಜೊತೆ ಹೊರಟರು. ಅದಾಗಿ ಒಂದು ವರ್ಷ ದಾಟಿತ್ತು.

ಈಗ ಫೋನು ಮಾಡಿದಾತ ದೂರದ ಊರಿನ ಒಂದು ಕೆರೆದಂಡೆಯ ಕಾಲೋನಿ ಸಂಘದ ಸೆಕ್ರೆಟರಿ. ನಿಮ್ಮ ಮನೆಯ ಹೆಂಗಸರು ನಮ್ಮ ಕಾಲೋನಿಯ ಪಕ್ಕ ಗಾಡಿ ನಿಲ್ಲಿಸಿಕೊಂಡು ವಾಸ ಮಾಡುತ್ತಿದ್ದಾರೆ, ಗಾಡಿಯ ಚಕ್ರಕ್ಕೆ ಬೀಗ ಹಾಕಿಸಿದ್ದೇನೆ, ಬಂದು ಕರೆದುಕೊಂಡು ಹೋಗಿ ಎಂಬುದು ಆತನ ಮಾತು. ಮಾವ ಆ ಮಧ್ಯಾಹ್ನದ ಬಸ್ಸಿಗೇ ಹೊರಟರು. "ನೀನೂ ಬಾಮ್ಮ. ಹೆಣ್ಣಿಗೆ ಹೆಣ್ಣೇ ಬುದ್ಧಿ ಹೇಳ್ಬೇಕು" ಎಂದು ನನ್ನನ್ನೂ ಹೊರಡಿಸಿದರು. ನನ್ನ ಗಂಡ ಅಪ್ಪನ ಮಾತಿಗೂ ಹೂಂ, ಅಮ್ಮನ ಮಾತಿಗೂ ಹೂಂ ಅನ್ನುವ ಜಾತಿ. ಇದಕ್ಕೂ ಹೂಂ ಎಂದರು. ಅತ್ತೆಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೆಂದು ನನಗೇನೂ ಅನ್ನಿಸಿರಲಿಲ್ಲ. ಅವರನ್ನು ನೋಡುವ ಆಸೆ ಮಾತ್ರ ಬೆಟ್ಟದಷ್ಟಿತ್ತು. ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ನಾವು ಕೆರೆದಂಡೆಗೆ ಬಂದೆವು. ಒಂದು ಕಡೆ ನೀರು, ಇನ್ನೊಂದು ಕಡೆ ಎತ್ತರದ ಕಾಂಪೌಂಡುಗಳ ಸಾಲು, ನಡುವೆ ಸಾರ್ವಜನಿಕ ರಸ್ತೆ. ರಸ್ತೆಯಂಚಿನ ಮರದಡಿ ಡಬ್ಬ ನಿಂತಿತ್ತು. ಬಳಿದಿದ್ದ ಹಸಿರು ಬಣ್ಣದಡಿಯಲ್ಲಿ ಲಾಂಡ್ರಿ ಎಂಬ ಹಳೇ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಮುಂದಿನ ಎಡ ಚಕ್ರವನ್ನು ಹಳದಿ ಬಣ್ಣದ ಒಂದು ಕಬ್ಬಿಣದ ಇಕ್ಕಳ ಏಡಿಯ ಹಾಗೆ ಕಚ್ಚಿ ಹಿಡಿದಿತ್ತು.

ಅತ್ತೆ ವ್ಯಾನಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ಗಂಡಸರ ಶರ್ಟು ತೊಟ್ಟಿದ್ದರು. ನಮ್ಮನ್ನು ಕಂಡು ಎದ್ದು ಬಂದು ನನ್ನ ಕೆನ್ನೆ ಹಿಂಡಿದರು. ಆಮೇಲೆ ಮಾವನ ಕಡೆ ತಿರುಗಿ, "ಸೊರಗಿದ್ದೀರಲ್ರೀ. ಮಧ್ಯಾಹ್ನದ ಹೋಟ್ಲೂಟ ಒಗ್ತಿಲ್ವಾ?" ಎಂದರು.

"ಅದನ್ನ ಕೇಳೋಕೆ ನಿಂಗೆ ಬಾಯಾದ್ರೂ ಹೇಗೆ ಬರುತ್ತೆ?" ಎಂದರು ಮಾವ.

"ಒಗ್ತಿಲ್ಲ ಅಂತಾಯ್ತು" ಎಂದು ಅತ್ತೆ ಇನ್ನೆರಡು ಲೋಟ ತರಲು ಒಳಗೆ ಹೋದರು.

ನಾನೂ ಹಿಂದೆಯೇ ಹತ್ತಿದೆ. ಒಳಗೆ ಒಂದರ ಮೇಲೊಂದು ಎರಡು ಮಲಗುವ ಹಲಗೆ. ಮೇಲಿನದು ಸಣ್ಣತ್ತೆಯದು, ಕೆಳಗಿನದು ಅತ್ತೆಯದು. ದುಪ್ಪಟಿಗಳು ಗೆರೆ ಎಳೆದ ಹಾಗೆ ಬಿಗಿಯಾಗಿದ್ದವು. ಒಲೆಯ ಪಕ್ಕದ ಡಬ್ಬಿಗಳು ಬ್ರೇಕು ಹಾಕಿದಾಗ ಉರುಳದಂತೆ ಅಡ್ಡಕ್ಕೊಂದು ರಬ್ಬರು ಪಟ್ಟಿ. ಬಾಗಿಲಿನ ಹಿಂದೆ ಸಣ್ಣತ್ತೆಯ ಕತ್ತರಿಗಳು ಗಾತ್ರದ ಪ್ರಕಾರ ನೇತಾಡುತ್ತಿದ್ದವು. ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟೇ ಜಾಗ. ಆದರೂ ನಮ್ಮ ಮನೆಯಲ್ಲಿ ನಾನು ಯಾವತ್ತೂ ಅತ್ತೆ ಇಷ್ಟು ಸಲೀಸಾಗಿ ಓಡಾಡಿದ್ದನ್ನು ಕಂಡಿರಲಿಲ್ಲ.

ವ್ಯಾನಿನ ಆ ಬದಿಯಲ್ಲಿ, ನೀರಿನ ಕಡೆಗೆ, ಒಂದು ಟಾರ್ಪಾಲಿನ ನೆರಳಲ್ಲಿ ಸಣ್ಣತ್ತೆ ಅಂಗಡಿ ತೆರೆದಿದ್ದರು. ಮಡಚುವ ಕುರ್ಚಿ, ಮರಕ್ಕೆ ಕಟ್ಟಿದ ಕನ್ನಡಿ. ಕಾಲೋನಿಯ ಕಾವಲುಗಾರರು, ತೋಟದವರು, ಮನೆಗೆಲಸದ ಹೆಂಗಸರು ಸರದಿಗಾಗಿ ಕಾಯುತ್ತಿದ್ದರು. "ಇಲ್ಲಿ ಇವ್ರಿಗೆ ಕೂದಲು ಕತ್ತರಿಸೋರೇ ಇಲ್ಲ. ಬಸ್ಸು ಹತ್ತಿ ಪೇಟೆಗೆ ಹೋಗ್ಬೇಕಂತೆ" ಎಂದರು ಸಣ್ಣತ್ತೆ. "ಈ ಕಬ್ಬಿಣದ ಏಡಿ ಹಾಕಿದ್ದು ಮೊನ್ನೆ. ನಾನು ಅವತ್ತೇ ಕಿತ್ತು ಬಿಸಾಕ್ತೀನಿ ಅಂದೆ. ನಿಮ್ಮತ್ತೆ ಬೇಡ ಅಂದ್ಲು. ಹಾಕಿದೋನೇ ಬಂದು ತೆಗೀಲಿ ಅಂತ."

"ಎರಡು ಸಲ ಮರ್ಯಾದೆಯಾಗಿ ಕೇಳಿದ್ದೀನಿ. ಇನ್ನೊಂದು ಸಲ ಕೇಳ್ತೀನಿ" ಎಂದರು ಅತ್ತೆ.

"ನೀನು ಕೇಳೋದು ಬೇಡ. ಇದು ಗಂಡಸರ ಮಾತು" ಎಂದು ಮಾವ ಶರ್ಟಿನ ಕಾಲರು ಸರಿಮಾಡಿಕೊಂಡು ಗೇಟಿನ ಕಡೆ ನಡೆದರು. ನಾನು ಅವರ ಹಿಂದೆ ಓಡಿದೆ.

ಸೆಕ್ರೆಟರಿ ಟೈಲ್ಸ್ ವ್ಯಾಪಾರಿ. ಮನೆಯ ಮುಂಗೋಣೆಯೇ ಆಫೀಸು. ನೆಲಕ್ಕೆ ಒಂದೊಂದು ಕಡೆ ಒಂದೊಂದು ನಮೂನೆಯ ಟೈಲ್ಸ್. ಎಲ್ಲಿ ಕಾಲಿಟ್ಟರೂ ಸ್ಯಾಂಪಲ್ ಮೇಲೆ ನಿಂತ ಹಾಗೆ ಅನ್ನಿಸುತ್ತಿತ್ತು. ಆತ ಮಾವನಿಗೆ ಕುರ್ಚಿ ತೋರಿಸಿ ತಣ್ಣನೆಯ ನೀರು ತರಿಸಿದ. ಆತನಿಗೆ ನಲವತ್ತು ದಾಟಿರಬೇಕು. ಮಾತು ಮೆಲ್ಲಗೆ, ಕಣ್ಣು ಮಾತ್ರ ಗಡಸು.

"ನೋಡಿ ಸಾರ್, ರಸ್ತೇಲಿ ಗಾಡಿ ನಿಲ್ಸಿದ್ರೆ ನನಗೇನೂ ಇಲ್ಲ. ಆದ್ರೆ ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಕಂಡಕಂಡವರ ಸಂತೆ. ಇದು ಮರ್ಯಾದಸ್ತರ ಜಾಗ. ಅದೂ ಹೋಗ್ಲಿ. ನಿಮ್ಮ ತಂಗಿ ನನ್ನ ತಾಯಿ ಕೂದಲನ್ನ ಕತ್ತರಿಸಿ ಬಿಟ್ಟಿದ್ದಾರೆ. ಸೊಂಟದುದ್ದ ಇತ್ತು ಸಾರ್. ಗಂಡು ಹುಡುಗರ ಹಾಗೆ ಮಾಡಿ ಕಳಿಸಿದ್ದಾರೆ."

ಮಾವನ ಮುಖ ಕಪ್ಪಿಟ್ಟಿತು. "ಅವಳು ಹಾಗೇನೇ. ಚಿಕ್ಕಂದಿನಿಂದ ಹಿಡಿತ ಇಲ್ಲ."

"ನಾನೇ ಕತ್ತರಿಸು ಅಂದಿದ್ದು" ಎಂಬ ದನಿ ಬಾಗಿಲಿನಿಂದ ಬಂತು.

ಊರುಗೋಲು ಹಿಡಿದ ಮುದುಕಿಯೊಬ್ಬರು ನಿಂತಿದ್ದರು. ತಲೆಯ ತುಂಬ ಗಿಡ್ಡನೆಯ ಬೆಳ್ಳಿ ಕೂದಲು. "ಬೆಳಿಗ್ಗೆ ಎದ್ದರೆ ಆ ನರ್ಸು ಬಾಚಣಿಗೆ ಹಿಡ್ಕೊಂಡು ಕಿತ್ತು ಕಿತ್ತು ಎಳೀತಿದ್ಲು. ತಲೆ ಮೇಲೆ ಒದ್ದೆ ಕಂಬಳಿ ಹೊತ್ತ ಹಾಗಿತ್ತು. ನಂಗೆ ಸಾಕಾಗಿತ್ತು. ನಾನೇ ನಡ್ಕೊಂಡು ಹೋಗಿ ಕೂತೆ."

"ಅಮ್ಮ, ಒಳಗೆ ಹೋಗು."

"ಹೋಗಲ್ಲ" ಎಂದರು ಮುದುಕಿ. ನರ್ಸು ಬಂದು ತೋಳು ಹಿಡಿದಳು. ಆಕೆ ಮೆಲ್ಲನೆ ಹಿಂದಿರುಗುವಾಗ ನನ್ನ ಕಡೆ ನೋಡಿ, ಬೋಳು ಕತ್ತಿನ ಮೇಲೊಮ್ಮೆ ಕೈಯಾಡಿಸಿಕೊಂಡು ನಕ್ಕರು.

ಸೆಕ್ರೆಟರಿ ಷರತ್ತು ಹೇಳಿದ. ನಾಳೆ ಬೆಳಿಗ್ಗೆ ಗಾಡಿ ಜಾಗ ಬಿಡಬೇಕು. ಮತ್ತೆ ಹೀಗೆ ಬೀದಿಯಲ್ಲಿ ಸಂಸಾರ ಹೂಡದಂತೆ ಮಾವ ಗಾಡಿಯನ್ನು ಮಾರಿಬಿಡಬೇಕು. ಸಣ್ಣತ್ತೆ ಸಂಘದ ನಾಲ್ಕು ಜನರ ಮುಂದೆ ಕ್ಷಮೆ ಕೇಳಬೇಕು. ಹಾಗಾದರೆ ಬೀಗ ತೆಗೆಸುತ್ತೇನೆ. ಮಾವ ಒಂದೊಂದಕ್ಕೂ ತಲೆಯಾಡಿಸಿ ಕೈ ಮುಂದೆ ಚಾಚಿದರು. "ನಾನು ಸ್ಟೇಷನ್ ಮಾಸ್ಟರ್ ಆಗಿದ್ದೋನು. ಮಾತು ಕೊಟ್ರೆ ಕೊಟ್ಟ ಹಾಗೆ."

"ಮಾವ, ಅತ್ತೇನ ಒಂದು ಮಾತು ಕೇಳಿ..." ಎಂದೆ.

"ನೀನು ಸುಮ್ನಿರಮ್ಮ."

ವ್ಯಾನಿನ ಹತ್ತಿರ ಬಂದು ಮಾವ ಗೆದ್ದವರಂತೆ ಎಲ್ಲವನ್ನೂ ಹೇಳಿದರು. ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರನ ಕಿವಿಯ ಮೇಲೆ ಸಣ್ಣತ್ತೆಯ ಕತ್ತರಿ ನಿಂತುಬಿಟ್ಟಿತು. "ಅಣ್ಣ, ನನ್ನ ಕ್ಷಮೆ ನೀನ್ಯಾಕೆ ಒಪ್ಕೊಂಡೆ? ನಾನೇನು ತಪ್ಪು ಮಾಡಿದ್ದೀನಿ?"

ಅತ್ತೆ ಹಗ್ಗದ ಮೇಲಿನ ದುಪ್ಪಟಿ ತೆಗೆದು ಮಡಚುತ್ತಿದ್ದರು. ಕೊನೆಯ ಮಡಿಕೆಯನ್ನೂ ಅಂಗೈಯಿಂದ ಒತ್ತಿ ಸಮ ಮಾಡಿದರು. ಆಮೇಲೆ ಕೇಳಿದರು: "ಏನ್ರೀ, ಗಾಡಿ ಯಾರದು?"

"ನಿಂದೇ. ಆದ್ರೆ..."

"ಮಾತು ಕೊಟ್ಟಿದ್ದು ಯಾರು?"

"ನಾನು. ಮನೆ ಯಜಮಾನ ಅಂತ..."

"ಹಾಗಾದ್ರೆ ನಿಮ್ಮ ಮಾತು ನೀವು ತಗೊಂಡು ಹೋಗಿ. ನನ್ನ ಗಾಡಿ ನಾನು ತಗೊಂಡು ಹೋಗ್ತೀನಿ."

ಅಷ್ಟು ಹೇಳಿ ಅವರು ಶರ್ಟಿನ ತೋಳು ಮಡಚಿದರು. "ಏ ಕತ್ತರಿ, ಜಾಕು ತೆಗಿ" ಎಂದು ನಾದಿನಿಯನ್ನು ಕೂಗಿದರು.

ಆ ಏಡಿಯನ್ನು ಕಾಲೋನಿಯವರು ಯಾವನೋ ವೆಲ್ಡರ್ ಹತ್ತಿರ ಮಾಡಿಸಿದ್ದರು. ಚಕ್ರ ತಿರುಗದಂತೆ ಟೈರನ್ನು ಅವುಚಿ ಹಿಡಿದಿತ್ತೇ ಹೊರತು ಚಕ್ರದ ನಟ್ಟುಗಳನ್ನು ಮುಚ್ಚಿರಲಿಲ್ಲ. ಏಡಿಯನ್ನು ತೆಗೆಯಲಾಗದಿದ್ದರೆ ಏಡಿ ಹಿಡಿದ ಚಕ್ರವನ್ನೇ ತೆಗೆದರಾಯಿತು. ಸ್ಟೆಪ್ನಿ ಗಾಡಿಯ ಹೊಟ್ಟೆಯಡಿ ಇದ್ದೇ ಇತ್ತು. ದಾರಿಯಲ್ಲಿ ಪಂಕ್ಚರಾಗಿ ಆಗಿ ಈ ಕೆಲಸ ಅವರಿಬ್ಬರಿಗೂ ರೂಢಿಯಾಗಿತ್ತು. ಸಣ್ಣತ್ತೆ ಅಂಗಾತ ಮಲಗಿ ಸ್ಟೆಪ್ನಿ ಇಳಿಸಿದರು. ಅತ್ತೆ ನಟ್ಟಿಗೆ ಸ್ಪ್ಯಾನರು ಹಾಕಿ ಅದುಮಿದರು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಬಾರೇ ಇಲ್ಲಿ. ಇದರ ಮೇಲೆ ಹತ್ತು" ಎಂದರು ನನಗೆ.

ಮಾವ ನನ್ನನ್ನೇ ನೋಡಿದರು. "ನೀನು ಬಂದಿದ್ದು ಬುದ್ಧಿ ಹೇಳೋಕೆ" ಎಂದರು. ನಾನು ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ಅತ್ತೆಯ ಭುಜ ಹಿಡಿದು ಸ್ಪ್ಯಾನರಿನ ಹಿಡಿಕೆಯ ಮೇಲೆ ಎರಡೂ ಕಾಲಿಟ್ಟು ಕುಪ್ಪಳಿಸಿದೆ. ಕಿರ್ರ್ ಎಂದು ನಟ್ಟು ಸಡಿಲವಾಯಿತು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಉಳಿದವಕ್ಕೂ ಹಾಗೇ ಹತ್ತಿ ಹತ್ತಿ ಕುಣಿದೆ. ಸರದಿಯಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಗತೊಡಗಿದರು. ಅರ್ಧ ತಲೆ ಕತ್ತರಿಸಿಕೊಂಡಿದ್ದ ಕಾವಲುಗಾರ ಯೂನಿಫಾರ್ಮಿನಲ್ಲೇ ಬಂದು ಜಾಕಿನ ಹಿಡಿಕೆ ತಿರುಗಿಸಿದ. "ಡ್ಯೂಟಿ ಟೈಮಲ್ಲಿ ನಾನಿದನ್ನ ನೋಡಿಲ್ಲ" ಎನ್ನುತ್ತಲೇ ತಿರುಗಿಸಿದ.

ಸ್ಟೆಪ್ನಿ ಕೂರಿಸಿ ಜಾಕು ಇಳಿಸುವ ಹೊತ್ತಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಸೆಕ್ರೆಟರಿ ಓಡೋಡಿ ಬಂದ. ಅತ್ತೆ ಏಡಿ ಕಚ್ಚಿದ ಚಕ್ರವನ್ನು ಒಂದು ಹಳೇ ದುಪ್ಪಟಿಯ ಮೇಲೆ ಮಲಗಿಸಿದ್ದರು. ದುಪ್ಪಟಿಯ ಎರಡು ತುದಿ ಅವರು ಹಿಡಿದು, ಎರಡು ತುದಿ ಸಣ್ಣತ್ತೆ ಹಿಡಿದು, ದರದರ ಎಳೆದು ತಂದು ಆತನ ಪಾದದ ಹತ್ತಿರ ಬಿಟ್ಟರು.

"ನಿಮ್ಮ ಬೀಗ ತಗೊಳ್ಳಿ. ಚಕ್ರ ನಮ್ಮದು. ಬಿಡಿಸಿ ವಾಪಸ್ ಕೊಡಿ."

"ಇವರು ನನಗೆ ಮಾತು ಕೊಟ್ಟಿದ್ದಾರೆ!" ಎಂದು ಆತ ಮಾವನತ್ತ ಬೊಟ್ಟು ಮಾಡಿದ.

"ಹೌದಂತೆ. ಅವರನ್ನೇ ಕೇಳಿ. ನನ್ನನ್ನ ಯಾರೂ ಏನೂ ಕೇಳಿಲ್ಲ."

"ಪೊಲೀಸಿಗೆ ಹೇಳ್ತೀನಿ."

"ಹೇಳಿ. ನಾನೂ ಇಲ್ಲೇ ಇರ್ತೀನಿ. ಸರ್ಕಾರಿ ರಸ್ತೇಲಿ ಇನ್ನೊಬ್ಬರ ಗಾಡಿಗೆ ಬೀಗ ಹಾಕೋ ಅಧಿಕಾರ ನಿಮಗೆ ಕೊಟ್ಟೋರು ಯಾರು ಅಂತ ಅವರೂ ಕೇಳ್ಲಿ."

ಆತ ಸುತ್ತ ನೋಡಿದ. ಕಾಯುತ್ತಿದ್ದ ಜನರೆಲ್ಲ ಎದ್ದು ನಿಂತಿದ್ದರು. ಒಬ್ಬರೂ ಅತ್ತಿತ್ತ ಸರಿಯಲಿಲ್ಲ. "ತಾಯಿ ವಯಸ್ಸಿನೋರು ಅಂತ ಸುಮ್ನಿದ್ದೀನಿ. ಮರ್ಯಾದೆಯಾಗಿ ಮನೆಗೆ ಹೋಗಿ" ಎಂದ.

"ಮನೆ ಬಾಗ್ಲಲ್ಲೇ ನಿಂತಿದ್ದೀನಲ್ಲಪ್ಪ. ಇನ್ನೆಲ್ಲಿಗೆ ಹೋಗ್ಲಿ?" ಎಂದು ಅತ್ತೆ ಗಾಡಿ ಹತ್ತಿ ಸ್ಟಾರ್ಟ್ ಮಾಡಿದರು. ಡಬ್ಬ ಕೆಮ್ಮಿ, ಹೊಗೆಯುಗುಳಿ, ಮುಂದೆ ಹೋಯಿತು. ಕೆರೆಯನ್ನು ಒಂದು ಸುತ್ತು ಹಾಕಿ, ಹಾರನ್ ಬಾರಿಸುತ್ತ ಬಂದು ಅದೇ ಮರದಡಿ ನಿಂತಿತು. ಇಳಿದು ಬಂದ ಅತ್ತೆ, "ಭಾನುವಾರ ಹೊರಡ್ತೀವಿ. ಅಲ್ಲೀವರೆಗೆ ಬನ್ನಿ ಅಂತ ಇವರಿಗೆಲ್ಲ ಹೇಳಿದ್ದೀವಿ" ಎಂದು ಸರದಿಯವರತ್ತ ಕೈ ತೋರಿಸಿದರು. "ಮಾತು ಅಂದ್ರೆ ಇದು."

ಆಗ ಗೇಟು ತೆರೆಯಿತು. ಊರುಗೋಲು ಊರುತ್ತ ಸೆಕ್ರೆಟರಿಯ ತಾಯಿ ಹೊರಗೆ ಬಂದರು. ನರ್ಸು ಹಿಂದಿನಿಂದ ಗೋಗರೆಯುತ್ತಿದ್ದಳು. ಮುದುಕಿ ಮಗನನ್ನು ದಾಟಿ, ಮಲಗಿದ್ದ ಚಕ್ರವನ್ನು ಸುತ್ತು ಹಾಕಿ, ನೇರ ಬಂದು ಸಣ್ಣತ್ತೆಯ ಕುರ್ಚಿಯಲ್ಲಿ ಕೂತರು. "ಕಿವಿ ಹಿಂದೆ ಸ್ವಲ್ಪ ಉಳಿದುಬಿಟ್ಟಿದೆ ಕಣಮ್ಮ. ಅದನ್ನೂ ತೆಗೆದುಬಿಡು."

ಸೆಕ್ರೆಟರಿ ಗೇಟಿನೊಳಗೆ ಹೊರಟುಹೋದ. ಸಂಜೆ ಆತನ ಆಳೊಬ್ಬ ಬಂದು ಬೀಗ ಬಿಚ್ಚಿ, ಏಡಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಪೊಲೀಸರು ಬರಲಿಲ್ಲ.

ಮಾವ ಇಡೀ ಮಧ್ಯಾಹ್ನ ನೀರಿನಂಚಿನ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಊಟಕ್ಕೆ ಕರೆದರೆ ಬರಲಿಲ್ಲ. ಬಿಸಿಲು ಇಳಿದ ಮೇಲೆ ಅತ್ತೆ ತಟ್ಟೆ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತರು. ನಾನು ಪಾತ್ರೆ ತೊಳೆಯುತ್ತಿದ್ದೆ. ಮಾತು ಕೇಳುವಷ್ಟು ಹತ್ತಿರವಿದ್ದೆ.

"ನನ್ನ ಮಾನ ತೆಗೆದೆ" ಎಂದರು ಮಾವ.

"ನೀವು ನನ್ನ ಗಾಡಿ ಮಾರೋಕೆ ಹೊರಟಿದ್ರಿ."

"ಅದು ಡಬ್ಬ ಕಣೇ. ಅಲ್ಲಿ ಮೂರು ರೂಮಿನ ಮನೆ ಇದೆ, ಬಾಲ್ಕನಿ ಇದೆ, ಸೊಸೆ ಇದ್ದಾಳೆ. ನಿಂಗೇನು ಕಡಿಮೆ ಮಾಡಿದ್ದೆ?"

ಅತ್ತೆ ತಟ್ಟೆಯ ಮೇಲಿನ ನೊಣ ಓಡಿಸಿದರು. "ಕಡಿಮೆ ಏನೂ ಇರ್ಲಿಲ್ಲ. ಕ್ವಾರ್ಟರ್ಸಿನ ಕಿಟಕೀಲಿ ರೈಲು ಹೋಗೋದು ಕಾಣ್ತಿತ್ತು, ಅಷ್ಟೇ. ನೀವೇ ಬಾವುಟ ತೋರಿಸ್ತಿದ್ರಿ. ರಜೆ ಹಾಕಿ, ಒಂದ್ಸಲ ಹೋಗಿ ಬರೋಣ ಅಂತ ನಾನು ಕೇಳ್ತಿದ್ದೆ. ಮುಂದಿನ ವರ್ಷ ಅಂತಿದ್ರಿ. ನಾನು ಊರೂರಿನೋರ ಹೊದಿಕೆ ಒಗೆದೆ ಕಣ್ರೀ. ಅವರೆಲ್ಲ ಎಲ್ಲಿಗೆ ಹೋಗಿ ಬರ್ತಿದ್ರು ಅಂತ ನನ್ನ ಕಣ್ಣಾರೆ ನೋಡ್ಬೇಕು. ಇದಕ್ಕೆ ನಿಮ್ಮ ಅಪ್ಪಣೆ ಕೇಳಲ್ಲ. ಬರ್ತೀರಾದ್ರೆ ಜಾಗ ಮಾಡ್ತೀನಿ, ಇವತ್ತೂ ಹೇಳ್ತೀನಿ. ವಾಪಸ್ ಮಾತ್ರ ಕರೀಬೇಡಿ."

"ನಾನು ಒಬ್ಬನೇ ಆಗ್ಬಿಟ್ಟಿದ್ದೀನಿ" ಎಂದರು ಮಾವ. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗೊತ್ತು. ನಂಗೂ ನಿಮ್ಮ ನೆನಪಾಗುತ್ತೆ." ಅತ್ತೆ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟರು. "ತಿನ್ನಿ, ಆರಿಹೋಗುತ್ತೆ."

ಮಾವ ತಿಂದರು. ಆದರೆ ಉಳಿಯಲಿಲ್ಲ. ಮರುದಿನ ಬಸ್ಸು ಹತ್ತಿಸಲು ಅತ್ತೆ ಸಣ್ಣತ್ತೆ ಇಬ್ಬರೂ ಬಂದರು. ಬಸ್ಸು ಹೊರಟು ಎಷ್ಟೋ ಹೊತ್ತಿನ ಮೇಲೆ ಮಾವ, "ಮನೇಲಿ ಕೇಳಿದ್ರೆ ಗಾಡಿ ರಿಪೇರಿ ಇದೆ, ಆಮೇಲೆ ಬರ್ತಾಳೆ ಅಂತ ಹೇಳೋಣ" ಎಂದರು.

"ಬರಲ್ಲ ಅಂದಿದ್ದಾರಲ್ಲ ಮಾವ. ಬರಲ್ಲ ಅಂತಾನೇ ಹೇಳ್ತೀನಿ" ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಹಾಗೇ ಹೇಳಿದೆ. ಗಂಡನಿಗೆ ಹೇಳಿದೆ; ಹೂಂ ಎಂದರು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಾಕೆಗೆ ಮಾವ, "ನಮ್ಮೋಳು ಅವಳ ತಂಗಿ ಮನೇಲಿದ್ದಾಳೆ, ಆರೋಗ್ಯ ಸರಿಯಿಲ್ಲ" ಎನ್ನುತ್ತಿದ್ದಾಗ ನಾನು ಬಾಗಿಲಿಗೆ ಬಂದು, "ಇಲ್ಲ, ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ವ್ಯಾನಲ್ಲಿ ದೇಶ ಸುತ್ತುತಾ ಇದ್ದಾರೆ. ಇನ್ಮೇಲೆ ಅಲ್ಲೇ ಇರ್ತಾರೆ" ಎಂದೆ. ಮಾವ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಆಮೇಲೊಂದು ಸಂಜೆ ನಾನು ಅತ್ತೆಯ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದಾಗ ಅವರು ಪದಬಂಧದಿಂದ ತಲೆಯೆತ್ತದೆ, "ಈಗ ಎಲ್ಲಿದ್ದಾಳಂತೆ?" ಎಂದರು.

"ಸಮುದ್ರದ ಹತ್ತಿರ."

"ಗೇರು ಸರಿ ಬೀಳ್ತಿಲ್ಲ ಅಂತಿದ್ಲಲ್ಲ?"

"ಮಾಡಿಸಿದ್ರಂತೆ."

ಕಳೆದ ವಾರ ಅಂಗಡಿಯಲ್ಲಿ ರಜೆ ಹಾಕಿದೆ. ಅತ್ತೆಯ ಜೊತೆ ಹದಿನೈದು ದಿನ ಇದ್ದು ಬರುತ್ತೇನೆ ಎಂದು ಊಟದ ಹೊತ್ತಿನಲ್ಲಿ ತಿಳಿಸಿದೆ. ಕೇಳಲಿಲ್ಲ, ತಿಳಿಸಿದೆ. ಗಂಡ ಮೊದಲ ಸಲ ಹೂಂ ಅನ್ನದೆ, "ಊಟಕ್ಕೆ ನಾವೇನು ಮಾಡೋದು?" ಎಂದರು. ಬೇಳೆ ಯಾವ ಡಬ್ಬಿಯಲ್ಲಿದೆ, ಕುಕ್ಕರು ಹೇಗೆ ಮುಚ್ಚಬೇಕು ಎಂದು ತೋರಿಸಿಕೊಟ್ಟೆ. ಮಾವನನ್ನೂ ಕರೆದೆ. ಬರಲ್ಲ ಎಂದರು. ನಾನು ಒತ್ತಾಯ ಮಾಡಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ಟಿಕೆಟ್ ತಂದೆ.